ಸಿನಿಮಾ ಮುಗಿದ ಮೇಲಿನ ಪಂಚಾಯ್ತಿ

ಮೊನ್ನೆ ಮಗಳು ನನ್ನನ್ನು ಒಂದು ಸಿನಿಮಾಕ್ಕೆ ಕರೆದುಕೊಂಡು ಹೋಗಿದ್ದಳು. ಕೆಂಗೇರಿ ಉಪನಗರದ ನಮ್ಮ ಮನೆಯಿಂದ ಮೈಸೂರು ರಸ್ತೆಯ ಮಾಲಿಗೆ ಮೆಟ್ರೋದಲ್ಲಿ ಹೋದರೆ ಹೆಚ್ಚು ಹೊತ್ತು ಹಿಡಿಯುವುದಿಲ್ಲ. ಗಂಡ ಹೆಂಡತಿ ಬೇರೆಯಾಗುವ ಕಥೆ. ಇಬ್ಬರೂ ಒಳ್ಳೆಯವರು, ಇಬ್ಬರೂ ಚೆನ್ನಾಗಿ ಮಾತಾಡುತ್ತಾರೆ, ಇಬ್ಬರಿಗೂ ಕಿಟಕಿಯ ಪಕ್ಕ ನಿಂತು ಸುಮ್ಮನೆ ಹೊರಗೆ ನೋಡುವ ಅಭ್ಯಾಸ. ಆಚೆ ಬಂದು ಕಾಫಿ ಕುಡಿಯುವಾಗ ಹೇಗಿತ್ತು ಎಂದು ಮಗಳು ಕೇಳಿದಳು. ತಪ್ಪು ಅವನದೇ, ಹೆಂಡತಿ ಅಷ್ಟು ಬಾಯಿಬಿಟ್ಟು ಕೇಳಿದರೂ ಕೈಯಲ್ಲಿದ್ದ ಫೋನು ಕೆಳಗಿಡಲಿಲ್ಲ, ಎಂದು ನಾನು ಥಟ್ಟನೆ ಹೇಳಿದೆ. ಅವಳು ನಕ್ಕಳು.

"ಅಮ್ಮ, ಇದು ತಪ್ಪು ಸರಿ ಹೇಳೋ ಸಿನಿಮಾ ಅಲ್ಲ. ಅವ್ರವ್ರ ಪಾಯಿಂಟ್ ಆಫ್ ವ್ಯೂ ಅವ್ರವ್ರಿಗೆ ಇರುತ್ತೆ. ನೀನ್ಯಾಕೆ ಜಡ್ಜ್ ಥರ ಕೂತ್ಕೋತೀಯ?"

ಇರಬಹುದು. ಈಗಿನವರ ಸಿನಿಮಾಗಳಲ್ಲಿ ಯಾರದೂ ತಪ್ಪಿರುವುದಿಲ್ಲ, ಎಲ್ಲರಿಗೂ ನೋವು ಮಾತ್ರ ಇರುತ್ತದೆ. ಆದರೆ ನಾನು ಬೆಳೆದ ಮನೆಯಲ್ಲಿ ಸಿನಿಮಾ ನೋಡಿದ ಮೇಲೆ ತಪ್ಪು ಯಾರದೆಂದು ಹೇಳದವರಿಗೆ ತಟ್ಟೆಯಲ್ಲಿದ್ದ ಮುದ್ದೆ ಮುಟ್ಟುವ ಹಕ್ಕಿರಲಿಲ್ಲ. ಅದೂ ಅಲ್ಲದೆ, ತೆರೆಯ ಮೇಲೆ ಗಂಡಸೊಬ್ಬ ಕೈಮುಗಿದು ಅಳತೊಡಗಿದರೆ ಸುತ್ತ ಕೂತವರೆಲ್ಲ ಮೂಗು ಒರೆಸಿಕೊಳ್ಳುತ್ತಾರೆ, ನನಗೆ ಮಾತ್ರ ಇವತ್ತಿಗೂ ಮೈ ಬಿಗಿಯುತ್ತದೆ. ನಿನಗೆ ಕಲ್ಲುಮನಸ್ಸು ಎಂದು ಮಗಳು ಆಡಿಕೊಳ್ಳುತ್ತಾಳೆ. ಕಲ್ಲೇನೂ ಅಲ್ಲ. ಅದು ಏನು ಎಂದು ಹೇಳಬೇಕಾದರೆ ಹೊಸಹಳ್ಳಿಯ ಮನೆಯಿಂದ ಶುರುಮಾಡಬೇಕು, ಅಪ್ಪನ ತಂಗಿ ಜಯತ್ತೆಯ ವಿಷಯ ಹೇಳಬೇಕು.

ಹೊಸಹಳ್ಳಿ ಈಗ ಮೆಟ್ರೋದೊಳಗೆ ಕೂಗಿ ಹೇಳುವ ಒಂದು ಸ್ಟೇಷನ್ನಿನ ಹೆಸರು. ನನ್ನ ಬಾಲ್ಯದಲ್ಲಿ ಅದು ವಿಜಯನಗರದ ಮೇನು ಕ್ರಾಸುಗಳ ನಡುವೆ ಸಿಕ್ಕಿಕೊಂಡಿದ್ದ ಹಳ್ಳಿ. ಸುತ್ತ ಸೈಟುಗಳು, ಸುಣ್ಣ ಆರದ ಹೊಸ ಮನೆಗಳು. ಮಧ್ಯೆ ನಮ್ಮ ಹಂಚಿನ ಮನೆ, ಬೀದಿಯ ಕಡೆಗೆ ಉದ್ದಕ್ಕೆ ಚಾಚಿದ ಕೆಂಪು ಗಾರೆಯ ಜಗಲಿ. ಒಳಗೆ ನಡುಮನೆ, ಅದಕ್ಕೆ ತಗುಲಿದಂತೆ ಅಡುಗೆಮನೆ, ಅದರ ಹಿಂದೆ ನಲ್ಲಿ ಇದ್ದ ಹಿತ್ತಿಲು. ಹೊಲವೆಲ್ಲ ಬಡಾವಣೆಗೆ ಹೋಗಿ, ಕೊಟ್ಟಿಗೆಯಲ್ಲಿ ದನಗಳ ಬದಲು ಸೌದೆ ಮತ್ತು ಅಪ್ಪನ ಸೈಕಲ್ಲು ಇದ್ದವು. ನಾನು ನೋಡಿಲ್ಲದ ನನ್ನ ತಾತ ಊರಿನ ಯಜಮಾನರಾಗಿದ್ದವರು. ಬದು ಒತ್ತಿದವರು, ಇನ್ನೊಬ್ಬರ ಪೈರಿಗೆ ದನ ಬಿಟ್ಟವರು, ಗಂಡನ ಮನೆ ಬಿಟ್ಟು ಬಂದವರು, ಎಲ್ಲರ ಪಂಚಾಯ್ತಿಯೂ ಆ ಜಗಲಿಯ ಮೇಲೇ ನಡೆಯುತ್ತಿತ್ತಂತೆ. ತೀರ್ಪು ಹೇಳುವ ಮುಂಚೆ ತಾತ ಕೂತವರಲ್ಲಿ ಎಲ್ಲರಿಗಿಂತ ಚಿಕ್ಕವರನ್ನು ಮೊದಲು ಕೇಳುತ್ತಿದ್ದರಂತೆ. ದೊಡ್ಡವರು ಬಾಯಿಬಿಟ್ಟ ಮೇಲೆ ಚಿಕ್ಕವರು ಅದನ್ನೇ ಒಪ್ಪಿಸುತ್ತಾರೆ, ಅದಕ್ಕೇ ಹಾಗೆ, ಎಂದು ಅಜ್ಜಿ ಹೇಳುತ್ತಿದ್ದಳು. ಬಾಗಿಲ ಹಿಂದೆ ನಿಂತು ಕೇಳಿಸಿಕೊಂಡ ನ್ಯಾಯಗಳೆಲ್ಲ ಅವಳಿಗೆ ನೆನಪಿದ್ದವು.

ಅಪ್ಪನ ಕಾಲಕ್ಕೆ ಆ ಜಗಲಿಗೆ ಯಾರೂ ನ್ಯಾಯ ಕೇಳಿಕೊಂಡು ಬರಲಿಲ್ಲ. ಅಪ್ಪ ರಾಜಾಜಿನಗರದ ಒಂದು ಕಾರ್ಖಾನೆಯಲ್ಲಿ ಫಿಟ್ಟರ್. ಹೊಸ ಮನೆಗಳವರು ಜಗಳವಾಡಿದರೆ ಪೊಲೀಸ್ ಸ್ಟೇಷನ್ನಿಗೆ ಹೋಗುತ್ತಿದ್ದರು, ಇಲ್ಲವೇ ಲಾಯರನ್ನು ಹಿಡಿಯುತ್ತಿದ್ದರು. ಯಜಮಾನಿಕೆ ರಕ್ತದಲ್ಲಿತ್ತು, ಕಕ್ಷಿಗಾರರು ಇರಲಿಲ್ಲ. ಹೀಗಿರುವಾಗ ನಮ್ಮ ಮನೆಗೆ ಟಿವಿ ಬಂತು, ಭಾನುವಾರ ಸಂಜೆಯ ಸಿನಿಮಾ ಬಂತು, ಅಪ್ಪನಿಗೆ ಕೈತುಂಬ ಕಕ್ಷಿಗಾರರು ಸಿಕ್ಕರು.

ಟಿವಿ ಕೂತಿದ್ದದ್ದು ನಡುಮನೆಯ ರಾಗಿ ಡ್ರಮ್ಮಿನ ಮೇಲೆ, ಒಂದು ಹಲಗೆ ಹಾಕಿ. ಸಂಜೆಯಾಗುತ್ತಿದ್ದಂತೆ ಅಕ್ಕಪಕ್ಕದವರ ಚಪ್ಪಲಿಗಳು ಜಗಲಿಯ ಕೆಳಗೆ ರಾಶಿ ಬೀಳುತ್ತಿದ್ದವು. ಆಗಿನ ಸಿನಿಮಾಗಳೆಲ್ಲ ಸಂಸಾರದವೇ: ಅಣ್ಣತಮ್ಮಂದಿರು ಬೇರೆಯಾಗುವುದು, ಅತ್ತೆ ಸೊಸೆಯರ ಕಾಟ, ಅನುಮಾನದ ಗಂಡ, ತಾಳ್ಮೆಯ ಹೆಂಡತಿ. ಮುಗಿದ ಮೇಲೆ ಬಂದವರು ಕಣ್ಣೊರೆಸಿಕೊಂಡು ಎದ್ದು ಹೋಗುತ್ತಿದ್ದರು, ನಾವು ಊಟಕ್ಕೆ ಕೂರುತ್ತಿದ್ದೆವು. ಅಮ್ಮ ಮುದ್ದೆ ಇಟ್ಟು ಬಸ್ಸಾರು ಬಿಡುತ್ತಿದ್ದಂತೆ ಅಪ್ಪ ಗಂಟಲು ಸರಿಮಾಡಿಕೊಂಡು ತಪ್ಪು ಯಾರದು ಎಂದು ಕೇಳುತ್ತಿದ್ದರು. ತಾತನ ಪದ್ಧತಿಯಂತೆ ಮೊದಲ ಸರದಿ ನನ್ನದು. ಸುಮ್ಮನೆ ಹೆಸರು ಹೇಳಿದರೆ ಸಾಲದು, ಸಾಕ್ಷಿ ಕೊಡಬೇಕು. ಒಂದು ಸಲ ಮನೆ ಒಡೆದದ್ದು ಚಿಕ್ಕ ಸೊಸೆಯ ತಪ್ಪು ಎಂದು ನಾನು ಹೇಳಿದೆ. ಸಾಕ್ಷಿ ಏನೆಂದರೆ ಅವಳು ಕಣ್ಣಿಗೆ ದಪ್ಪ ಕಪ್ಪು ಹಚ್ಚಿಕೊಂಡು ಜಡೆ ಬೀಸಿಕೊಂಡು ನಡೆಯುತ್ತಾಳೆ ಎಂಬುದು. ಜಡೆ ಬೀಸಿದರೆ ಗೋಡೆ ಬೀಳುತ್ತದೆಯೇ ಎಂದು ಅಪ್ಪ ಕೇಳಿದರು. ಅಜ್ಜಿ ದೊಡ್ಡ ಸೊಸೆಯನ್ನು ಹಿಡಿದಳು. ಕೊನೆಗೆ ಅಪ್ಪ ಹೇಳಿದ್ದು, ನಿಜ ಗೊತ್ತಿದ್ದೂ ಮನೆಯ ನೆಮ್ಮದಿ ಕೆಡುತ್ತದೆಂದು ಬಾಯಿ ಮುಚ್ಚಿಕೊಂಡಿದ್ದ ಆ ತಾಯಿಯದೇ ತಪ್ಪು ಎಂದು. ಸಿನಿಮಾದಲ್ಲಿ ಎಲ್ಲರೂ ಪೂಜೆ ಮಾಡುತ್ತಿದ್ದ ತಾಯಿ ಅವಳು. ನಾನು ಬೆರಗಾಗಿ ಕೂತಿದ್ದೆ. ಕಣ್ಣೀರು ಯಾರದು ಎಂದು ನೋಡುವುದಕ್ಕಿಂತ ಯಾರು ಯಾವಾಗ ಸುಮ್ಮನಾದರು ಎಂದು ನೋಡಬೇಕು ಎಂಬುದನ್ನು ನಾನು ಕಲಿತದ್ದು ಆ ತಟ್ಟೆಯ ಮುಂದೆಯೇ, ಶಾಲೆಯಲ್ಲಿ ಅಲ್ಲ.

ಇಷ್ಟು ಚುರುಕಾದ ಅಪ್ಪನಿಗೆ ಒಂದು ದೌರ್ಬಲ್ಯವಿತ್ತು. ಕೊನೆಯ ರೀಲಿನಲ್ಲಿ ಗಂಡ ಬಂದು ಕೈಮುಗಿದು ಅತ್ತನೆಂದರೆ ಮುಗಿಯಿತು. ಅಲ್ಲಿಯವರೆಗೆ ಅವನು ಮಾಡಿದ್ದೆಲ್ಲ ಮಾಫಿ. ಅಪ್ಪ ಹೆಗಲ ಟವಲಿನಿಂದ ಕಣ್ಣೊತ್ತಿಕೊಂಡು, ಮನುಷ್ಯ ತಿದ್ದಿಕೊಂಡ, ಇನ್ನೇನು ಬೇಕು, ಎಂದು ಊಟ ಶುರುಮಾಡಿಬಿಡುತ್ತಿದ್ದರು. ಅಜ್ಜಿಯೂ ಹಾಗೆಯೇ. ಅಳುವ ಗಂಡಸನ್ನೂ ನಗುವ ಹೆಂಗಸನ್ನೂ ನಂಬಬಾರದು ಎಂಬ ಗಾದೆ ಅವಳ ಬಾಯಲ್ಲೇ ಇತ್ತು. ಆದರೆ ಅದರ ಎರಡನೆಯ ಅರ್ಧ ಮಾತ್ರ ಹೊರಗೆ ಬರುತ್ತಿತ್ತು, ಅದೂ ನಾನು ಜೋರಾಗಿ ನಕ್ಕಾಗ. ಅಮ್ಮನದು ಬೇರೆಯೇ ಕಥೆ. ಸಿನಿಮಾ ನಡೆಯುವ ಹೊತ್ತಿನಲ್ಲೇ ಅವಳು ಅಡುಗೆ ಮಾಡಬೇಕಿತ್ತು. ಹಾಗಾಗಿ ಅವಳು ಸಿನಿಮಾ ನೋಡುತ್ತಿರಲಿಲ್ಲ, ಒಲೆಯ ಮುಂದೆ ಕೂತು ಕೇಳುತ್ತಿದ್ದಳು. ಅವಳ ಸರದಿ ಬಂದಾಗ, ಮುಖ ನೋಡದವಳು ನ್ಯಾಯ ಏನು ಹೇಳಲಿ ಎಂದು ಸಾರಿನ ಪಾತ್ರೆ ಎತ್ತಿಕೊಂಡು ಒಳಗೆ ಹೋಗುತ್ತಿದ್ದಳು. ಅವಳಿಗೆ ಅಭಿಪ್ರಾಯವೇ ಇಲ್ಲ ಎಂದು ನಾವೆಲ್ಲ ತಿಳಿದಿದ್ದೆವು.

ಜಯತ್ತೆಯನ್ನು ಮಾಗಡಿ ಕಡೆಗೆ ಕೊಟ್ಟಿತ್ತು. ಮಾವನದು ಹಿಟ್ಟಿನ ಗಿರಣಿ. ನೋಡಲು ಲಕ್ಷಣವಾದ ಮನುಷ್ಯ, ಮೆತ್ತಗಿನ ಮಾತು, ನಮ್ಮ ಮನೆಗೆ ಬಂದಾಗಲೆಲ್ಲ ನನಗೆ ಕಡಲೆಮಿಠಾಯಿ ತರುತ್ತಿದ್ದರು. ಮದುವೆಯಾಗಿ ಸ್ವಲ್ಪ ಕಾಲಕ್ಕೇ ಅತ್ತೆ ಟ್ರಂಕು ಹಿಡಿದು ವಾಪಸು ಬಂದಳು. ಹೊಂದಿಕೆಯಾಗುತ್ತಿಲ್ಲ ಎಂದಳು, ಇನ್ನೇನೂ ಹೇಳಲಿಲ್ಲ. ಗಂಡ ಅಂದ ಮೇಲೆ ಒಂದು ಮಾತು ಬರುತ್ತೆ, ಒಂದು ಏಟೂ ಬೀಳುತ್ತೆ ಎಂದು ಅಜ್ಜಿ ಸಮಾಧಾನ ಮಾಡಿದಳು. ಹಿಂದೆಯೇ ಮಾವ ಬಂದರು. ಜಗಲಿಯ ಮೇಲೆ ಕೂತು, ಸಿನಿಮಾದವರೂ ಹಾಗೆ ಅಳಲಾರರು, ಬಿಕ್ಕಿ ಬಿಕ್ಕಿ ಅತ್ತರು. ಅಪ್ಪ ಕರಗಿಹೋದರು. ಅಜ್ಜಿ ಅತ್ತೆಗೆ ಹೊಸ ಸೀರೆ ಉಡಿಸಿ ಮಡಿಲು ತುಂಬಿ ಕಳಿಸಿದಳು. ಅತ್ತೆ ಬೀದಿಯ ತಿರುವಿನಲ್ಲಿ ಒಂದು ಸಲ ಹಿಂತಿರುಗಿ ನೋಡಿದಳು. ತವರು ಬಿಟ್ಟು ಹೋಗುವವರು ಹಾಗೆ ನೋಡುವುದು ಸಹಜ ಎಂದುಕೊಂಡು ನಾವು ಒಳಗೆ ಬಂದೆವು.

ಶ್ರಾವಣ ಕಳೆದ ಮೇಲೆ ಅವಳು ಮತ್ತೆ ಬಂದಳು. ಈ ಸಲ ಟ್ರಂಕೂ ಇರಲಿಲ್ಲ. ಬಂದವಳು ಬದಲಾಗಿದ್ದಳು. ಕೂಗಿದರೆ ಒಂದೊಂದು ಸಲ ತಿರುಗುತ್ತಿರಲಿಲ್ಲ. ಬಿಂಕ, ಗಂಡನ ಮನೆ ಬಿಟ್ಟು ಬಂದವಳಿಗೆ ಇಷ್ಟು ಬಿಂಕ, ಎಂದು ಅಜ್ಜಿ ಗೊಣಗುತ್ತಿದ್ದಳು. ಟಿವಿ ಮುಂದೆಯೂ ಅತ್ತೆ ನೇರ ಕೂರುತ್ತಿರಲಿಲ್ಲ. ಬಲಭುಜವನ್ನು ಟಿವಿಯ ಕಡೆ ಮಾಡಿ, ಅರ್ಧ ಮುಖ ತಿರುಗಿಸಿಕೊಂಡು ಕೂರುತ್ತಿದ್ದಳು. ಒಂದು ಭಾನುವಾರ ಬಂದ ಸಿನಿಮಾದಲ್ಲಿ ಗಂಡ ಹೆಂಡತಿಯ ಕೆನ್ನೆಗೆ ಹೊಡೆಯುತ್ತಾನೆ, ಅವಳು ದೇವರ ಮುಂದೆ ನಿಂತು ಹಾಡುತ್ತಾಳೆ, ಅವನು ಕೊನೆಗೆ ಬಂದು ಅಳುತ್ತಾನೆ. ಅತ್ತೆಯ ಕಣ್ಣು ತೆರೆಸಲು ದೇವರೇ ಕಳಿಸಿದ ಸಿನಿಮಾ ಎಂದು ಅಜ್ಜಿಗೆ ಅನ್ನಿಸಿರಬೇಕು, ಇವಳನ್ನು ಕೇಳು, ಇವಳನ್ನು ಕೇಳು, ಎಂದು ಅಪ್ಪನಿಗೆ ಸನ್ನೆ ಮಾಡಿದಳು. ಅಪ್ಪ ಕೇಳಿದರು. ಅತ್ತೆ ಮುದ್ದೆ ಮುರಿದಳು.

"ತಪ್ಪು ಯಾರ್ದೋ ಗೊತ್ತಿಲ್ಲ ಅಣ್ಣ. ಅಷ್ಟು ಜೋರಾಗಿ ಹೊಡೆದ್ನಲ್ಲ, ಮಾರನೇ ದಿನ ಹಾಡುವಾಗ್ಲೂ ಅವ್ಳ ಕೆನ್ನೆ ಹಂಗೇ ಇತ್ತು."

ನಾವು ನಕ್ಕೆವು. ಸಿನಿಮಾದವರಿಗೆ ನಿಜವಾಗಿ ಹೊಡೆಯುತ್ತಾರೇನೇ ಪೆದ್ದಿ ಎಂದು ಅಜ್ಜಿ ಎಲ್ಲರಿಗಿಂತ ಹೆಚ್ಚು ನಕ್ಕಳು. ಅಮ್ಮ ಮಾತ್ರ ಸೌಟು ಹಿಡಿದುಕೊಂಡು ನಿಂತೇ ಇದ್ದಳು. ಅಪ್ಪ ತಟ್ಟೆ ಮುಂದೆ ಮಾಡಿ ಸಾರು ಕೇಳಿದ ಮೇಲೆ ಬಡಿಸಿದಳು.

ಅವರೆಕಾಯಿ ಕಾಲದಲ್ಲಿ ಮಾವ ಮತ್ತೆ ಬಂದರು. ಭಾನುವಾರ ಬೆಳಗ್ಗೆ, ಅಪ್ಪನಿಗೆ ರಜೆ ಇರುವ ದಿನವೇ ನೋಡಿಕೊಂಡು, ತಮ್ಮ ಊರಿನ ಇಬ್ಬರು ಹಿರಿಯರನ್ನು ಕರೆದುಕೊಂಡು ಬಂದಿದ್ದರು. ಎಷ್ಟೋ ವರ್ಷದ ಮೇಲೆ ನಮ್ಮ ಜಗಲಿಯ ಮೇಲೆ ನಿಜವಾದ ಪಂಚಾಯ್ತಿ. ಅಜ್ಜಿ ಚಾಪೆ ಹಾಸಿ ಎಲೆಅಡಿಕೆ ತಟ್ಟೆ ಇಟ್ಟಳು. ಎದುರುಮನೆಯವರು ರಂಗೋಲಿಯನ್ನು ಎರಡನೆಯ ಸಲ ಬಿಡತೊಡಗಿದರು. ಮಾವ ಅಜ್ಜಿಯ ಕಾಲು ಮುಟ್ಟಿ, ಆಮೇಲೆ ಅಪ್ಪನ ಕಾಲ ಮೇಲೆ ಹಣೆಯಿಟ್ಟು ಅತ್ತರು. ಇನ್ನು ಒಂದು ಮಾತೂ ಅನ್ನುವುದಿಲ್ಲ, ಕಣ್ಣಲ್ಲಿ ಕಣ್ಣಿಟ್ಟು ನೋಡಿಕೊಳ್ಳುತ್ತೇನೆ ಎಂದರು. ಹೆಣ್ಣನ್ನು ಇವತ್ತೇ ಕಳಿಸಿದರೆ ಮರ್ಯಾದೆ, ಇಲ್ಲವಾದರೆ ಈ ಸಂಬಂಧ ಇಲ್ಲಿಗೇ ಮುಗಿಯಿತು ಎಂದರು ಹಿರಿಯರು. ಅಪ್ಪ ಒದ್ದೆ ಕಣ್ಣಿನಲ್ಲೇ ಒಳಗೆ ಬಂದು ನಡುಮನೆಯಲ್ಲಿ ನಿಂತರು. ಸರದಿಯ ಪ್ರಕಾರ ಮೊದಲು ನನ್ನನ್ನು ಕೇಳಬೇಕಿತ್ತು. ನಾನು ಕಾಯುತ್ತಾ ನಿಂತಿದ್ದೆ. ಅಪ್ಪ ನನ್ನ ಕಡೆ ನೋಡಲಿಲ್ಲ, ನೇರವಾಗಿ ಅಜ್ಜಿಯನ್ನು ಕೇಳಿದರು. ಅಷ್ಟು ಜನರ ಮುಂದೆ ಕಾಲು ಹಿಡಿದಿದ್ದಾನೆ, ಇನ್ನೂ ಏನು ನೋಡುವುದು, ಕಳಿಸು, ಎಂದಳು ಅಜ್ಜಿ. ಸೀರೆ ತರಲು ಅವಳು ಪೆಟ್ಟಿಗೆಯ ಕಡೆ ಹೊರಟೂ ಆಗಿತ್ತು.

ಆಗ ಅಮ್ಮ ಅಡುಗೆಮನೆಯಿಂದ ಬಂದಳು. ಕೈಗೆ ಮೆತ್ತಿದ್ದ ಹಿಟ್ಟನ್ನು ಸೆರಗಿಗೆ ಒರೆಸಿಕೊಳ್ಳುತ್ತಿದ್ದಳು. ಜಯಮ್ಮನನ್ನು ಕೇಳಿದಿರಾ ಎಂದಳು. ಅವಳನ್ನೇನು ಕೇಳುವುದು, ನೀನು ಹೇಳಿದಂತೆ ಆಗಲಿ ಅಣ್ಣ ಅನ್ನುತ್ತಾಳೆ ಅಷ್ಟೆ, ಎಂದರು ಅಪ್ಪ. ಅಮ್ಮ ದಾರಿ ಬಿಡಲಿಲ್ಲ.

"ಹಿತ್ಲಲ್ಲಿ ಕೂತವ್ಳೆ, ಹೋಗಿ ಕೇಳಿ. ಎಡಗಡೆ ನಿಂತ್ಕೊಂಡು ಮೆತ್ತಗೆ ಕೇಳಿ."

ಅದೇನು ಮಾತೆಂದು ಅಪ್ಪನಿಗೂ ಅರ್ಥವಾಗಲಿಲ್ಲ, ನನಗೂ ಆಗಲಿಲ್ಲ. ಆದರೆ ಅಮ್ಮ ಹಾಗೆ ಎದುರು ನಿಂತು ಮಾತಾಡಿದ್ದನ್ನು ನಾವು ಕಂಡಿರಲಿಲ್ಲ. ಅಪ್ಪ ಹೋದರು, ಹಿಂದೆ ನಾನೂ ಹೋದೆ. ಅತ್ತೆ ನಮಗೆ ಬೆನ್ನು ಮಾಡಿ ಕೂತು ಅವರೆಕಾಯಿ ಬಿಡಿಸುತ್ತಿದ್ದಳು. ಅವಳ ಬಲಗಡೆ ನಲ್ಲಿಯ ನೀರು ಬಿಂದಿಗೆಗೆ ಬೀಳುತ್ತಿತ್ತು. ಅಪ್ಪ ಅವಳ ಎಡಗಡೆ ಬಗ್ಗಿ, ಜಯಾ, ಎಂದರು. ಅವಳು ಕಾಯಿ ಬಿಡಿಸುತ್ತಲೇ ಇದ್ದಳು. ಇನ್ನೊಂದು ಸಲ ಕರೆದರು. ಬೆರಳು ನಿಲ್ಲಲಿಲ್ಲ. ಕೂಗಿದ್ದು ಕೇಳಿದರೂ ಕೇಳದಂತೆ ಇರುವವರ ಕತ್ತು ಒಂದಿಷ್ಟಾದರೂ ಬಿಗಿಯುತ್ತದೆ, ಅತ್ತೆಯ ಕತ್ತು ಸಡಿಲವಾಗಿಯೇ ಇತ್ತು. ಅಪ್ಪ ನಲ್ಲಿ ನಿಲ್ಲಿಸಿ, ಸುತ್ತಿ ಬಲಗಡೆಗೆ ಬಂದು ಅದೇ ದನಿಯಲ್ಲಿ ಕರೆದರು. ಅವಳು ಬೆಚ್ಚಿ ತಲೆಯೆತ್ತಿದಳು. ನಮ್ಮ ಮುಖ ನೋಡುತ್ತಲೇ ಅವಳಿಗೆ ತಿಳಿದುಹೋಯಿತು. ಬಾಗಿಲಲ್ಲಿ ನಿಂತಿದ್ದ ಅಮ್ಮನ ಕಡೆ ಒಂದು ಸಲ ನೋಡಿದಳು. ಕಿವಿಗೆ ಏನಾಯಿತು ಎಂದು ಅಪ್ಪ ಕೇಳಿದರು. ಜಗಲಿಯಿಂದ ಮಾವ ಬಿಕ್ಕುವುದು ಹಿತ್ತಿಲವರೆಗೂ ಕೇಳುತ್ತಿತ್ತು.

"ಅವ್ರು ಅಳೋದು ಹೊಸದಲ್ಲ ಅಣ್ಣ. ಹೊಡೆದಾಗೆಲ್ಲ ಅಳ್ತಾರೆ, ಕಾಲಿಗೂ ಬೀಳ್ತಾರೆ. ಅತ್ತು ಮುಗಿದ್ಮೇಲೆ ತಿರ್ಗಾ ಹೊಡೀತಾರೆ. ಈ ಕಿವಿ ಹೋದ ದಿನ ನನಗಿಂತ ಜಾಸ್ತಿ ಅತ್ತಿದ್ದು ಅವ್ರೇ. ನೀನು ಹೋಗು ಅಂದ್ರೆ ಹೋಗ್ತೀನಿ. ಆದ್ರೆ ಅವ್ರ ಅಳು ನೋಡಿ ಕಳಿಸ್ಬೇಡ."

ಅಪ್ಪ ನಲ್ಲಿ ತಿರುಗಿಸಿದರು. ಮುಖ ತೊಳೆದುಕೊಂಡು ಜಗಲಿಗೆ ಹೋದರು. ಮಾವ ಮತ್ತೆ ಕಾಲು ಹಿಡಿದುಕೊಂಡರು. ಅಪ್ಪನ ಕಣ್ಣಲ್ಲೂ ಮತ್ತೆ ನೀರು ಬಂತು. ಅದನ್ನು ತಡೆಯುವುದು ಅವರ ಕೈಯಲ್ಲಿ ಇರಲಿಲ್ಲ, ಹುಟ್ಟುಗುಣ. ಟವಲು ತೆಗೆದು ಒರೆಸಿಕೊಳ್ಳಲೂ ಇಲ್ಲ, ಹಾಗೆಯೇ ನಿಂತು ಹೇಳಿದರು.

"ಎದ್ದೇಳಪ್ಪ. ಹೆಣ್ಣನ್ನ ಕಳ್ಸಲ್ಲ."

ಹಿರಿಯರು ಏನೇನೋ ಅಂದರು. ಯಜಮಾನರ ಮಗನಾಗಿ ಇಂಥ ನ್ಯಾಯವೇ ಎಂದರು. ಅವರು ಚಪ್ಪಲಿ ಮೆಟ್ಟಿ ಹೋಗುವವರೆಗೂ ಅಪ್ಪ ಜಗಲಿ ಬಿಟ್ಟು ಒಳಗೆ ಬರಲಿಲ್ಲ. ಅಜ್ಜಿ ಆ ಮಧ್ಯಾಹ್ನ ಊಟ ಮಾಡಲಿಲ್ಲ. ಮನೆ ಒಡೆದದ್ದು ಸೊಸೆ ಎಂಬುದು ಅವಳ ತೀರ್ಪು, ಯುಗಾದಿಯವರೆಗೂ ಅಮ್ಮನ ಜೊತೆ ಮಾತು ಬಿಟ್ಟಳು. ನನಗೆ ಇವತ್ತಿಗೂ ಅಜ್ಜಿಯ ಮೇಲೆ ಆ ವಿಷಯದಲ್ಲಿ ಕೋಪವಿದೆ. ಸತ್ತವರ ಮೇಲೆ ಕೋಪ ಇಟ್ಟುಕೊಳ್ಳಬಾರದು ಎನ್ನುತ್ತಾರೆ, ಆದರೆ ಇದೆ. ಅತ್ತೆಯ ತಲೆಗೆ ಎಣ್ಣೆ ಒತ್ತುವಾಗ ಅಮ್ಮನಿಗೆ ಕಿವಿಯ ಸಂಗತಿ ತಿಳಿದಿತ್ತಂತೆ. ಯಾರಿಗೂ ಹೇಳಬೇಡ ಅತ್ತಿಗೆ ಎಂದು ಅತ್ತೆ ಆಣೆ ಹಾಕಿಸಿದ್ದಳಂತೆ. ಅದಕ್ಕೇ ಅಮ್ಮ ಬಾಯಿಬಿಟ್ಟು ಹೇಳಲಿಲ್ಲ, ಎಡಗಡೆ ನಿಲ್ಲಿ ಎಂದಷ್ಟೇ ಹೇಳಿದಳು. ದೊಡ್ಡವಳಾದ ಮೇಲೆ ನಾನು, ಆಣೆ ಮುರಿದು ಮೊದಲೇ ಹೇಳಬಹುದಿತ್ತಲ್ಲ ಎಂದು ಅವಳನ್ನು ಕೇಳಿದ್ದೆ. ಅತ್ತಿಗೆಯಾದವಳು ನಾದಿನಿಯ ಪರ ಮಾತಾಡುವುದನ್ನು ಈ ಮನೆಯವರು ಯಾವ ಸಿನಿಮಾದಲ್ಲಿ ನೋಡಿದ್ದರು, ನಂಬುವುದಕ್ಕೆ, ಎಂದಳು. ಅವಳು ಹಾಗೆ ಹೇಳಿದಾಗ ನನಗೆ ಅಳು ಬಂತು.

ಅತ್ತೆ ನಮ್ಮ ಮನೆಯಲ್ಲೇ ಉಳಿದಳು. ಆಮೇಲೆ ಮೈಸೂರು ರಸ್ತೆಯ ಗಾರ್ಮೆಂಟ್ಸಿಗೆ ಹೋಗಲು ಶುರುಮಾಡಿ, ತನ್ನ ಕಾಲ ಮೇಲೆ ತಾನು ನಿಂತಳು. ಅದು ಮುಂದಿನ ಮಾತು. ಈಗ ಹೇಳಬೇಕಾದದ್ದು ಆ ಪಂಚಾಯ್ತಿಯ ಮುಂದಿನ ಭಾನುವಾರದ ವಿಷಯ. ಅವತ್ತು ನಮ್ಮ ಜಗಲಿಯ ಕೆಳಗೆ ಎಂದಿಗಿಂತ ಹೆಚ್ಚು ಚಪ್ಪಲಿಗಳಿದ್ದವು. ಬಂದವರಲ್ಲಿ ಅರ್ಧ ಜನ ಸಿನಿಮಾ ನೋಡಲು ಬಂದಿರಲಿಲ್ಲ, ನಮ್ಮನ್ನು ನೋಡಲು ಬಂದಿದ್ದರು. ಅತ್ತೆ ಅಡುಗೆಮನೆಗೆ ಹೋಗಿ ಅಡಗಿಕೊಳ್ಳಲಿಲ್ಲ, ತನ್ನ ಜಾಗದಲ್ಲೇ ಬಲಭುಜ ಮುಂದೆ ಮಾಡಿ ಕೂತಳು. ಅದೇ ಬಗೆಯ ಸಿನಿಮಾ. ಹೆಂಡತಿ ಮನೆ ಬಿಟ್ಟು ಹೋಗಿದ್ದಾಳೆ, ಗಂಡ ಅವಳನ್ನು ಹುಡುಕಿಕೊಂಡು ದೇವಸ್ಥಾನದ ಮೆಟ್ಟಿಲು ಹತ್ತುತ್ತಿದ್ದಾನೆ, ಪಿಟೀಲು ಶುರುವಾಗಿದೆ. ಅವನು ಕೈಮುಗಿಯುತ್ತಿದ್ದಂತೆ ಅಪ್ಪ ಎದ್ದುಹೋಗಿ ಟಿವಿ ಆಫ್ ಮಾಡಿಬಿಟ್ಟರು. ಹಿಂದೆ ಕೂತಿದ್ದ ಹೆಂಗಸೊಬ್ಬರು, ಇನ್ನೇನು ಮುಗೀತಿತ್ತಲ್ಲ ಎಂದು ಪಿಸುಗುಟ್ಟಿದರು. ಅಪ್ಪ ಡ್ರಮ್ಮಿನ ಮೇಲೆ ಕೈಯಿಟ್ಟು ನಮಗೆ ಬೆನ್ನು ಮಾಡಿ ನಿಂತಿದ್ದರು. ಅವರ ಹೆಗಲು ಅಲುಗುತ್ತಿತ್ತು. ಅಷ್ಟು ಜನರ ನಡುವೆ ಜಯತ್ತೆ ಎದ್ದು ಅಪ್ಪನ ಪಕ್ಕಕ್ಕೆ ಹೋಗಿ ನಿಂತಳು.

"ಹಾಕಣ್ಣ," ಎಂದಳು. "ಅದು ಸಿನಿಮಾ. ಅಲ್ಲಾದ್ರೂ ಒಬ್ಬ ತಿದ್ಕೊಳ್ಲಿ."